ಸೈನಿಕ ಗೊಂಬೆಗಳ ಅಳತೆಯೂ ಐತಿಹಾಸಿಕ ಸತ್ಯವೂ

೧

ಇತಿಹಾಸದ ಆಧಾರಗಳನ್ನು ಎಣಿಸುವಾಗ ಶಾಸನ, ನಾಣ್ಯ, ಕಡತ, ಪ್ರವಾಸಿಗಳ ಬರವಣಿಗೆ, ಕಟ್ಟಡಗಳ ಅವಶೇಷ ಎಂಬ ಕ್ರಮವನ್ನು ನಾವು ತರಗತಿಯಲ್ಲಿ ಅನುಸರಿಸುತ್ತೇವೆ. ಗೊಂಬೆ ಈ ಪಟ್ಟಿಯಲ್ಲಿ ಸೇರುವುದಿಲ್ಲ. ಸೇರಿಸಬೇಕೆಂಬ ಹಟವೂ ಪ್ರಸ್ತುತ ಲೇಖನಕ್ಕಿಲ್ಲ. ಆದರೂ ಒಂದು ಸಂಗತಿಯನ್ನು ಒಪ್ಪಬೇಕಾಗುತ್ತದೆ. ಹದಿನೆಂಟನೆಯ ಶತಮಾನದ ಸಿಪಾಯಿ ಹೇಗಿದ್ದನೆಂಬ ಕಲ್ಪನೆ ನಮ್ಮ ವಿದ್ಯಾರ್ಥಿಗಳಿಗೆ ಬರುವುದು ಕಡತಗಳಿಂದಲ್ಲ. ಚಿತ್ರಪಟಗಳಿಂದ, ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಳಗಿನ ಮಾದರಿಗಳಿಂದ, ಸಂಗ್ರಾಹಕರ ಕಪಾಟಿನಲ್ಲಿ ಸಾಲುಗೂಡಿ ನಿಂತ ಕಿರುಗೊಂಬೆಗಳಿಂದ ಅದು ಬರುತ್ತದೆ. ಒಮ್ಮೆ ಕಣ್ಣಿನಲ್ಲಿ ನೆಲೆಗೊಂಡ ಆಕೃತಿಯನ್ನು ಆಮೇಲೆ ಓದಿದ ನೂರು ಪುಟಗಳೂ ಕದಲಿಸಲಾರವು. ಆದಕಾರಣ ಗೊಂಬೆ ಆಧಾರವಲ್ಲದಿದ್ದರೂ ವ್ಯಾಖ್ಯಾನವಂತೂ ಹೌದು; ವ್ಯಾಖ್ಯಾನವೆಂದ ಮೇಲೆ ವಿಮರ್ಶೆಗೆ ಒಳಗಾಗತಕ್ಕದ್ದು.

ಸಂಗ್ರಹಯೋಗ್ಯ ಸೈನಿಕ ಗೊಂಬೆಗಳನ್ನು ಕುರಿತು ಆಸಕ್ತರು ನಡೆಸುವ ಚರ್ಚೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳ ಸುತ್ತ ತಿರುಗುತ್ತದೆ. ಗೊಂಬೆ ಎಷ್ಟು ಮಿಲಿಮೀಟರು ಎತ್ತರವಿದೆ ಎಂಬುದು ಮೊದಲನೆಯದು. ಅದರ ಉಡುಪು, ಆಯುಧ, ಗುಂಡಿ, ಪಟ್ಟಿ ಇವು ಆಯಾ ಕಾಲಕ್ಕೆ ಸರಿಯಾಗಿವೆಯೇ ಎಂಬುದು ಎರಡನೆಯದು. ಮೊದಲನೆಯದನ್ನು ಅನುಕೂಲದ ಮಾತೆಂದೂ ಎರಡನೆಯದನ್ನು ಇತಿಹಾಸದ ಮಾತೆಂದೂ ಬೇರ್ಪಡಿಸುವುದು ರೂಢಿ. ಈ ಬೇರ್ಪಡಿಕೆ ಸಾಧುವಲ್ಲವೆಂಬುದು ಈ ಲೇಖನದ ಮುಖ್ಯ ವಾದ. ಗೊಂಬೆಯ ಅಳತೆಯನ್ನು ಗೊತ್ತುಮಾಡಿದ ಕ್ಷಣದಲ್ಲಿಯೇ ಯಾವ ಸತ್ಯವನ್ನು ಹೇಳಬಹುದು, ಯಾವುದನ್ನು ಬಿಡಲೇಬೇಕು ಎಂಬ ತೀರ್ಮಾನ ಆಗಿಹೋಗಿರುತ್ತದೆ. ಗುಂಡಿಗಳ ಲೆಕ್ಕ ಅನಂತರದ್ದು. ಈ ವಾದವನ್ನು ಮೊದಲು ಯುರೋಪಿನ ಗೊಂಬೆಗಳ ವಿಷಯದಲ್ಲಿಯೂ, ಬಳಿಕ ಕರ್ನಾಟಕದ ನಿದರ್ಶನಗಳಲ್ಲಿಯೂ ಪರೀಕ್ಷಿಸಿ, ಕೊನೆಗೆ ನಮ್ಮ ಊರಿನಲ್ಲಿಯೇ ೧೭೮೩-೮೪ರಲ್ಲಿ ನಡೆದ ಮಂಗಳೂರು ಕೋಟೆಯ ಮುತ್ತಿಗೆಗೆ ಅನ್ವಯಿಸಿ ನೋಡೋಣ.

೨

ಇಂದು ಪ್ರಚಾರದಲ್ಲಿರುವ ಅಳತೆಗಳು ಯಾವ ಇತಿಹಾಸಜ್ಞನ ಆಲೋಚನೆಯಿಂದಲೂ ಹುಟ್ಟಿದವಲ್ಲ. ಅವು ವ್ಯಾಪಾರದ ಮಕ್ಕಳು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ತವರದ ಕೆಲಸಗಾರರು ಚಪ್ಪಟೆಯಾದ ಸೈನಿಕ ಗೊಂಬೆಗಳನ್ನು ಎರಕಹೊಯ್ದು ಮಾರತೊಡಗಿದರು. ಅವರಲ್ಲಿ ಹಿಲ್ಪರ್ಟ್ ಮನೆತನದವರು ಪ್ರಸಿದ್ಧರು. ಒಬ್ಬೊಬ್ಬ ತಯಾರಕನದು ಒಂದೊಂದು ಅಳತೆಯಾಗಿದ್ದುದರಿಂದ, ಕೊಂಡ ಸೈನ್ಯಗಳನ್ನು ಒಟ್ಟಿಗೆ ನಿಲ್ಲಿಸಿದರೆ ಕೆಲವರು ದೈತ್ಯರಂತೆಯೂ ಕೆಲವರು ಕುಳ್ಳರಂತೆಯೂ ತೋರುತ್ತಿದ್ದರು. ೧೮೪೮ರಲ್ಲಿ ಅದೇ ಪಟ್ಟಣದ ಹೈನ್‌ರಿಖ್‌ಸೆನ್ ಕಾರ್ಖಾನೆಯು ಸುಮಾರು ೩೦ ಮಿಲಿಮೀಟರಿನ ಅಳತೆಯನ್ನು ಬಳಕೆಗೆ ತಂದಿತು. ಕಾಲಕ್ರಮದಲ್ಲಿ ಇತರರೂ ಅದನ್ನು ಸ್ವೀಕರಿಸಿದರು. ಕೊಳ್ಳುವವನಿಗೆ ಯಾರಿಂದ ಕೊಂಡರೂ ಹೊಂದಿಕೆಯಾಗುವ ಸೈನ್ಯ ದೊರೆಯಿತು.

ಇಂಗ್ಲೆಂಡಿನಲ್ಲಿ ೧೮೯೩ರಲ್ಲಿ ವಿಲಿಯಂ ಬ್ರಿಟನ್ ಎಂಬವನು ಟೊಳ್ಳು ಎರಕದ ವಿಧಾನವನ್ನು ಕಂಡುಹಿಡಿದನು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಅಂಚು ಗಟ್ಟಿಯಾಗುತ್ತಲೇ ಒಳಗಿನ ದ್ರವವನ್ನು ಹೊರಚೆಲ್ಲಿದರೆ ತೆಳುವಾದ ಕವಚ ಉಳಿಯುತ್ತದೆ. ಲೋಹ ಉಳಿಯಿತು, ತೂಕ ತಗ್ಗಿತು, ಬೆಲೆಯೂ ಇಳಿಯಿತು. ಆ ಗೊಂಬೆಗಳಿಗೆ ೫೪ ಮಿಲಿಮೀಟರು ಎತ್ತರವನ್ನು ನಿಗದಿಮಾಡಿದ್ದಕ್ಕೆ ಕಾರಣ ಆಗ ಮಾರಾಟದಲ್ಲಿದ್ದ ಆಟಿಕೆಯ ರೈಲುಗಾಡಿ. ಗಾಡಿಯ ಪಕ್ಕದಲ್ಲಿ ನಿಲ್ಲಿಸಿದರೆ ಸೈನಿಕನು ಹೊಂದಿಕೊಳ್ಳಬೇಕಾಗಿತ್ತು. ಇಂದಿಗೂ ಸಂಗ್ರಾಹಕರು ಪ್ರಮಾಣವೆಂದು ಮನ್ನಿಸುವ ೫೪ ಮಿಲಿಮೀಟರು ಹೀಗೆ ರೈಲುಗಾಡಿಯ ದಾನ.

ಬ್ರಿಟನ್ ಸಂಸ್ಥೆಯವರು ಸಾಮ್ರಾಜ್ಯದ ಪಟಾಲಮುಗಳನ್ನೆಲ್ಲ ಪೆಟ್ಟಿಗೆಗಳಲ್ಲಿ ಮಾರಿದರು. ಬಂಗಾಳದ ಭರ್ಜಿ ರಾವುತರೂ ಮದರಾಸಿನ ಪದಾತಿಗಳೂ ಅವುಗಳಲ್ಲಿದ್ದರು. ಒಂದೇ ಅಚ್ಚಿನಿಂದ ತೆಗೆದ ದೇಹಕ್ಕೆ ಬೇರೆಬೇರೆ ಬಣ್ಣ ಬಳಿದು ಬೇರೆಬೇರೆ ಪಟಾಲಮುಗಳೆಂದು ಹೆಸರಿಡುವುದು ಆ ಉದ್ಯಮದ ಸಾಮಾನ್ಯ ಪದ್ಧತಿ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಂಗಿಯ ಕೊರಳಪಟ್ಟಿಯ ಬಣ್ಣ ಸರಿಯಾಗಿತ್ತು. ಅದನ್ನು ತೊಟ್ಟ ಮನುಷ್ಯನು ಮಾತ್ರ ಎಲ್ಲಿಯವನೂ ಆಗಿರಲಿಲ್ಲ. ಸೀಸದ ಗೊಂಬೆಗಳ ತಯಾರಿಕೆಯನ್ನು ಆ ಸಂಸ್ಥೆ ೧೯೬೬ರಲ್ಲಿ ನಿಲ್ಲಿಸಿತು. ಪ್ಲಾಸ್ಟಿಕ್ ಗೊಂಬೆಗಳು ಬಂದವು, ಒಂದಕ್ಕೆ ಎಪ್ಪತ್ತೆರಡರ ಇನ್ನೂ ಸಣ್ಣ ಪ್ರಮಾಣ ಬಳಕೆಗೆ ಬಂತು. ಬಣ್ಣವೇ ನಿಖರತೆ ಎಂಬ ಭಾವನೆ ಮಾತ್ರ ಹೋಗಲಿಲ್ಲ.

೩

ಈಗ ಅಳತೆಯ ಗಣಿತವನ್ನು ಸ್ವಲ್ಪ ನೋಡೋಣ. ಐದು ಅಡಿ ಎಂಟು ಅಂಗುಲದ ಮನುಷ್ಯನನ್ನು ಮೂವತ್ತೆರಡನೆಯ ಒಂದು ಪಾಲಿಗೆ ಇಳಿಸಿದರೆ ೫೪ ಮಿಲಿಮೀಟರು ಆಗುತ್ತದೆ. ಆದರೆ ಕೆಲವು ತಯಾರಕರು ಪಾದದಿಂದ ನೆತ್ತಿಯವರೆಗೂ, ಕೆಲವರು ಪಾದದಿಂದ ಕಣ್ಣಿನವರೆಗೂ ಅಳೆಯುತ್ತಾರೆ. ಮನುಷ್ಯನ ಕಣ್ಣು ನೆತ್ತಿಗಿಂತ ಸುಮಾರು ೧೧ ಸೆಂಟಿಮೀಟರು ಕೆಳಗಿರುವುದರಿಂದ ಈ ಪ್ರಮಾಣದಲ್ಲಿ ಮೂರೂವರೆ ಮಿಲಿಮೀಟರಿನ ವ್ಯತ್ಯಾಸ ಬೀಳುತ್ತದೆ. ಒಂದೇ ಹೆಸರಿನ ಎರಡು ಗೊಂಬೆಗಳಲ್ಲಿ ಎರಡನೆಯವನು ಆರು ಅಡಿ ಮೀರಿದ ಆಳಾಗಿರುತ್ತಾನೆ. ಅವರಿಬ್ಬರನ್ನು ಎದುರುಬದುರಾಗಿ ನಿಲ್ಲಿಸಿ, ಒಬ್ಬನನ್ನು ಹೈಲ್ಯಾಂಡರನೆಂದೂ ಇನ್ನೊಬ್ಬನನ್ನು ಸಿಪಾಯಿಯೆಂದೂ ಕರೆದರೆ, ನೋಡುವ ವಿದ್ಯಾರ್ಥಿ ತಾನು ಕೇಳದ ಪಾಠವೊಂದನ್ನು ಕಲಿತುಕೊಂಡಿರುತ್ತಾನೆ.

ಎತ್ತರಕ್ಕಿಂತಲೂ ದಪ್ಪದ ಸಮಸ್ಯೆ ಕಠಿನವಾದುದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕುಂಪಣಿಯ ಸಿಪಾಯಿ ಹಿಡಿದ ಬಂದೂಕಿನ ನಳಿಗೆ ೩೯ ಅಂಗುಲ ಉದ್ದವಿತ್ತು. ಗೊಂಬೆಯ ಕೈಯಲ್ಲಿ ಅದು ೩೧ ಮಿಲಿಮೀಟರು ಇರತಕ್ಕದ್ದು, ಇದಕ್ಕೇನೂ ತೊಂದರೆಯಿಲ್ಲ. ಆದರೆ ಎರಡು ಸೆಂಟಿಮೀಟರಿಗೆ ತುಸು ಮಿಕ್ಕ ನಳಿಗೆಯ ದಪ್ಪ ಮಿಲಿಮೀಟರಿನ ಮುಕ್ಕಾಲು ಪಾಲಿಗೂ ಕಡಿಮೆಯಾಗಬೇಕು. ಅರ್ಧ ಸೆಂಟಿಮೀಟರು ದಪ್ಪದ ಕತ್ತಿಯ ಅಲಗು ಒಂದು ಮಿಲಿಮೀಟರಿನ ಆರನೆಯ ಒಂದು ಪಾಲಾಗಬೇಕು. ಮೆದುಲೋಹದ ಎರಕದಲ್ಲಿ ಇಷ್ಟು ತೆಳುವಾದುದು ನಿಲ್ಲದು. ನಿಂತರೂ ಮುಟ್ಟಿದೊಡನೆ ಬಾಗುತ್ತದೆ. ಆದುದರಿಂದ ಗೊಂಬೆಯ ಆಯುಧಗಳೆಲ್ಲ ನಿಜಕ್ಕಿಂತ ದಪ್ಪ. ಅಳತೆ ಸಣ್ಣದಾದಷ್ಟೂ ಈ ಅತಿಶಯ ಬೆಳೆಯುತ್ತದೆ. ಆಡುವ ಮೇಜಿನ ಆಚೆ ಬದಿಯಿಂದ ಗುರುತು ಸಿಗಲೆಂದು ೨೮ ಮಿಲಿಮೀಟರಿನ ಗೊಂಬೆಗಳಲ್ಲಿ ತಲೆಯನ್ನೂ ಕೈಗಳನ್ನೂ ಉದ್ದೇಶಪೂರ್ವಕವಾಗಿ ಹಿಗ್ಗಿಸುವುದುಂಟು.

ಇದನ್ನು ಸುಳ್ಳೆಂದು ತಳ್ಳಿಹಾಕುವುದು ಅವಸರದ ತೀರ್ಪಾದೀತು. ನಮ್ಮ ಶಿಲ್ಪಶಾಸ್ತ್ರದ ತಾಲಮಾನವೂ ದೇಹವನ್ನು ಮುಖದ ಅಳತೆಯಿಂದ ಭಾಗಿಸಿ, ದೇವತೆಗೊಂದು ತಾಲ, ಕುಬ್ಜನಿಗೊಂದು ತಾಲ ಎಂದು ನಿಯಮಿಸಿದೆ. ಅಲ್ಲಿ ಪ್ರಮಾಣವು ಅರ್ಥದ ವಾಹಕ. ಶಿಲ್ಪಿ ತನ್ನ ನಿಯಮವನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾನೆ. ಗೊಂಬೆಯ ತಯಾರಕನು ಹಿಗ್ಗಿಸಿದ ತಲೆಯ ಮೇಲೆ ಅತ್ಯಂತ ನಿಖರವಾದ ಟೊಪ್ಪಿಗೆಯನ್ನಿಟ್ಟು, ಇಡೀ ಆಕೃತಿಯೇ ನಿಖರವೆಂದು ಸಾರುತ್ತಾನೆ. ನಮ್ಮ ಆಕ್ಷೇಪಣೆ ಇರುವುದು ಆ ಸಾರುವಿಕೆಗೆ. ಚನ್ನಪಟ್ಟಣದ ಆಲೆಮರದ ಗೊಂಬೆಯನ್ನು ಯಾರೂ ಹೀಗೆ ಆಕ್ಷೇಪಿಸುವುದಿಲ್ಲ. ಚರಕಿಯಲ್ಲಿ ತಿರುಗಿಸಿ ಕಡೆದ ಆ ದುಂಡು ಸಿಪಾಯಿಗೆ ಪಟಾಲಮಿಲ್ಲ, ವರ್ಷವಿಲ್ಲ. ತಾನು ಗೊಂಬೆಯೆಂದೇ ಅವನು ಒಪ್ಪಿಕೊಂಡಿದ್ದಾನೆ.

೪

ಒಬ್ಬ ಸೈನಿಕನಿಂದ ಒಂದು ಯುದ್ಧಕ್ಕೆ ಬಂದಾಗ ಅಳತೆಯ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ. ಇದಕ್ಕೆ ಶ್ರೇಷ್ಠ ನಿದರ್ಶನ ಕ್ಯಾಪ್ಟನ್ ವಿಲಿಯಂ ಸೈಬೋರ್ನನು ರಚಿಸಿದ ವಾಟರ್‌ಲೂ ರಣರಂಗದ ಮಾದರಿ. ಅವನು ೧೮೩೦ರಲ್ಲಿ ರಣಭೂಮಿಯ ಬಳಿಯೇ ವಾಸವಾಗಿದ್ದು ಹೊಲ, ದಿಣ್ಣೆ, ಬೇಲಿಗಳನ್ನು ಅಳೆದನು. ಯುದ್ಧದಲ್ಲಿ ಪಾಲ್ಗೊಂಡ ಅಧಿಕಾರಿಗಳಿಗೆ ಪತ್ರ ಬರೆದು ಅವರವರ ಪಡೆ ನಿಂತ ಸ್ಥಳವನ್ನು ಕೇಳಿ ತಿಳಿದನು. ೧೮೩೮ರಲ್ಲಿ ಪ್ರದರ್ಶಿತವಾದ ಆ ಮಾದರಿಯಲ್ಲಿ ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಗೊಂಬೆಗಳಿದ್ದವು. ಇಂದು ಅದು ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ.

ಇಷ್ಟು ಶ್ರಮದ ಕೃತಿಯನ್ನೂ ಗಣಿತ ಬಿಡುವುದಿಲ್ಲ. ನೆಲದ ಪ್ರಮಾಣ ಮೈಲಿಗೆ ಒಂಬತ್ತು ಅಡಿ, ಎಂದರೆ ಸುಮಾರು ಒಂದಕ್ಕೆ ೫೮೭. ಆ ಲೆಕ್ಕದಲ್ಲಿ ಸೈನಿಕನ ಎತ್ತರ ಮೂರು ಮಿಲಿಮೀಟರು ಆಗತಕ್ಕದ್ದು. ಸೈಬೋರ್ನನ ಗೊಂಬೆಗಳು ಸುಮಾರು ಹತ್ತು ಮಿಲಿಮೀಟರಿನವು. ತಾವು ನಿಂತ ನೆಲಕ್ಕೆ ಅವು ಮೂರು ಪಾಲಿಗೂ ಮಿಕ್ಕಿ ದೊಡ್ಡವಾದುದರಿಂದ, ಒಂದು ಗೊಂಬೆ ಇಬ್ಬರು ಸೈನಿಕರಿಗೆ ಸಮ ಎಂದು ಅವನು ಇಟ್ಟುಕೊಳ್ಳಬೇಕಾಯಿತು. ಇದನ್ನು ನೋಟಕರು ಕ್ಷಮಿಸಿದರು. ವಿವಾದ ಎದ್ದದ್ದು ಬೇರೆ ಕಡೆಯಲ್ಲಿ. ಯುದ್ಧದ ನಿರ್ಣಾಯಕ ಗಳಿಗೆಯಲ್ಲಿ ಪ್ರಷ್ಯದ ಸೈನ್ಯ ಎಷ್ಟು ಮುಂದೆ ಬಂದಿತ್ತು ಎಂಬುದನ್ನು ಮಾದರಿ ತೋರಿಸಿದ ರೀತಿ ವೆಲಿಂಗ್ಟನ್ನನಿಗೆ ಹಿಡಿಸಲಿಲ್ಲ. ಕೊನೆಗೆ ಸೈಬೋರ್ನನು ಪ್ರಷ್ಯದ ಗೊಂಬೆಗಳಲ್ಲಿ ದೊಡ್ಡ ಪಾಲನ್ನು ಮಾದರಿಯಿಂದ ತೆಗೆದನು.

ಈ ಪ್ರಸಂಗದಿಂದ ನಮಗೆ ಸಿಗುವ ಪಾಠ ಸ್ಪಷ್ಟವಾಗಿದೆ. ತೆಗೆಯಲ್ಪಟ್ಟ ಗೊಂಬೆಗಳ ಅಂಗಿಯಲ್ಲಾಗಲಿ ಟೊಪ್ಪಿಗೆಯಲ್ಲಾಗಲಿ ಯಾವ ದೋಷವೂ ಇರಲಿಲ್ಲ. ಉಳಿದವು ಎಷ್ಟು ನಿಖರವೋ ಅವೂ ಅಷ್ಟೇ ನಿಖರ. ಹಾಗಿದ್ದೂ ಅವು ಇದ್ದಾಗ ಮಾದರಿ ಹೇಳಿದ ಇತಿಹಾಸ ಒಂದು, ಇಲ್ಲದಾಗ ಹೇಳಿದ ಇತಿಹಾಸ ಇನ್ನೊಂದು. ಗೊಂಬೆಯ ನಿಖರತೆಯನ್ನು ಗೊಂಬೆಯಲ್ಲಿಯೇ ಹುಡುಕುವ ಕ್ರಮಕ್ಕೆ ಇದಕ್ಕಿಂತ ಬಲವಾದ ಪ್ರತ್ಯುತ್ತರ ಬೇಕಾಗಿಲ್ಲ.

೫

ಕರ್ನಾಟಕದಲ್ಲಿ ಸೈನಿಕನ ಆಕೃತಿಯನ್ನು ಕಿರಿದಾಗಿಸುವ ಸಂಪ್ರದಾಯ ನ್ಯೂರೆಂಬರ್ಗಿಗಿಂತ ಬಹಳ ಹಳೆಯದು. ನಮ್ಮ ವೀರಗಲ್ಲುಗಳನ್ನು ಸ್ಮರಿಸಿಕೊಂಡರೆ ಸಾಕು. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲಿನಲ್ಲಿ ಗಂಗರ ಪಕ್ಷದ ನಾಗತ್ತರನು ಹೋರಾಡಿ ಮಡಿದ ಕಾಳಗವನ್ನು ಆನೆ, ಕುದುರೆ, ಪದಾತಿಗಳೊಡನೆ ಕಂಡರಿಸಿದೆ. ಇಂತಹ ಕಲ್ಲುಗಳಲ್ಲಿ ಸಾಮಾನ್ಯವಾಗಿ ವೀರನು ಹಿರಿದಾಗಿಯೂ ಅವನೊಡನೆ ಕಾದಿದವರು ಕಿರಿದಾಗಿಯೂ ಇರುತ್ತಾರೆ. ಕಲ್ಲು ನೆಟ್ಟವರಿಗೆ ಹೇಳಬೇಕಾಗಿದ್ದುದು ಯಾರಿಗಾಗಿ ಕಲ್ಲು ನಿಂತಿದೆ ಎಂಬುದು. ಅದನ್ನು ಅಳತೆಯೇ ಹೇಳುತ್ತದೆ. ಕೆಳಗಿನ ಅಕ್ಷರ ಅದನ್ನು ದೃಢಪಡಿಸುತ್ತದೆ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲಿನ ಪೊಲ್ಲಿಲೂರು ಕದನದ ಚಿತ್ರ ಇದೇ ಸಂಪ್ರದಾಯದ ಮುಂದುವರಿಕೆ. ೧೭೮೦ರ ಸೆಪ್ಟೆಂಬರ್ ೧೦ರಂದು ನಡೆದ ಆ ಕದನದಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಯ್ಲಿಯ ಪಡೆಯನ್ನು ಸೋಲಿಸಿದರು. ಗೋಡೆಯ ಮೇಲೆ ನಾಯಕರು ದೊಡ್ಡವರು, ಸಾಲು ಸೈನಿಕರು ಅಚ್ಚೊತ್ತಿದಂತೆ ಒಂದೇ ಬಗೆಯವರು. ಹತ್ತಿರ, ದೂರ ಎಂಬ ಭೇದವನ್ನು ಚಿತ್ರಕಾರರು ಲೆಕ್ಕಿಸಲಿಲ್ಲ. ಹಲವು ಸಲ ದುರಸ್ತಿಗೂ ಪುನರ್ಲೇಪನಕ್ಕೂ ಒಳಗಾದ ಕಾರಣ ಬಣ್ಣಗಳನ್ನು ಪೂರ್ತಿ ನಂಬುವಂತೆಯೂ ಇಲ್ಲ. ಸಂಗ್ರಾಹಕನ ಮಾನದಂಡದಿಂದ ನೋಡಿದರೆ ಇದು ನಿಖರತೆಯಿಲ್ಲದ ಕೃತಿ. ಆದರೆ ಬ್ರಿಟಿಷ್ ಪಡೆ ಚೌಕಾಕಾರವಾಗಿ ಕೂಡಿ ನಿಂತದ್ದು, ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಯ್ಲಿ ಕುಳಿತದ್ದು, ಮದ್ದಿನ ಗಾಡಿ ಸಿಡಿದದ್ದು ಈ ಮೂರನ್ನೂ ಅದು ತಪ್ಪದೆ ಹೇಳುತ್ತದೆ. ಯುದ್ಧದ ಗತಿಯನ್ನು ತಿರುಗಿಸಿದ ಸಂಗತಿ ಮದ್ದಿನ ಸ್ಫೋಟ. ಚಿತ್ರಕಾರನು ಅದಕ್ಕೆ ತಕ್ಕ ಸ್ಥಾನ ಕೊಟ್ಟಿದ್ದಾನೆ. ಗುಂಡಿಗಳಲ್ಲಿ ಸೋತು ಘಟನೆಯಲ್ಲಿ ಗೆದ್ದ ಕೃತಿಯಿದು.

ಹಳೆಯ ಮೈಸೂರು ಸೀಮೆಯ ದಸರೆಯ ಗೊಂಬೆಗಳಲ್ಲಿಯೂ ಅಳತೆಯ ಕ್ರಮ ಹೀಗೆಯೇ. ಪಟ್ಟದ ಗೊಂಬೆಗಳು ಮೇಲೆ. ಜಂಬೂಸವಾರಿಯ ಆನೆ, ಕುದುರೆ, ವಾದ್ಯದವರು, ಸಿಪಾಯಿಗಳು ಕೆಳಗಿನ ಹಂತಗಳಲ್ಲಿ. ಅರಸನ ಗೊಂಬೆಯ ಮೊಣಕಾಲಿಗೂ ಬರದ ಸಿಪಾಯಿಯನ್ನು ನೋಡಿ ಯಾವ ಗೃಹಿಣಿಯೂ ಅಳತೆ ತಪ್ಪಿತೆಂದು ಹೇಳುವುದಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿ ಒಂದು ಮಾತನ್ನು ಹೇಳಲೇಬೇಕು. ಅಧಿಕಾರದ ಅಳತೆಯಲ್ಲಿ ಕಿರಿದಾದ ಸೈನಿಕನಿಗೆ ಮುಖವಿಲ್ಲ. ಪಡುವಣದ ಗೊಂಬೆ ಅವನಿಗೆ ಗುಂಡಿ ಕೊಟ್ಟು ಮುಖ ಮರೆಯಿತು. ನಮ್ಮ ಗೊಂಬೆ ಅವನಿಗೆ ಸ್ಥಾನ ಕೊಟ್ಟು ಮುಖ ಮರೆಯಿತು. ಎರಡನ್ನೂ ಸಮಾನವಾಗಿ ವಿಮರ್ಶಿಸುವುದೇ ನ್ಯಾಯ.

೬

ಗಾತ್ರವನ್ನು ಹೆಚ್ಚಿಸಿದರೆ ಸತ್ಯವೂ ಹೆಚ್ಚುವುದೇ? ಟಿಪ್ಪುವಿನ ಹುಲಿಯೆಂದು ಖ್ಯಾತವಾದ ಮರದ ಯಂತ್ರ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ೧೭೯೯ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ಯಲ್ಪಟ್ಟು, ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಆ ಕೃತಿ ಸುಮಾರು ಒಂದೂಮುಕ್ಕಾಲು ಮೀಟರು ಉದ್ದವಿದೆ. ಹುಲಿಯ ಕೆಳಗೆ ಬಿದ್ದವನು ಹೆಚ್ಚುಕಡಮೆ ನಿಜಮನುಷ್ಯನ ಗಾತ್ರದವನು. ಅವನನ್ನು ಬ್ರಿಟಿಷ್ ಸೈನಿಕನೆಂದು ಎಲ್ಲರೂ ಕರೆಯುತ್ತಾರೆ. ಆದರೆ ಅವನ ಬಳಿ ಕತ್ತಿಯಿಲ್ಲ, ಬಂದೂಕಿಲ್ಲ. ಕೆಂಪು ಅಂಗಿ ಮತ್ತು ದುಂಡು ಟೊಪ್ಪಿಗೆಯಿಂದ ಅವನು ಐರೋಪ್ಯನೆಂದು ತಿಳಿಯುತ್ತದೆಯೇ ಹೊರತು ಸೈನಿಕನೆಂದು ಸಿದ್ಧವಾಗುವುದಿಲ್ಲ. ೧೭೯೨ರಲ್ಲಿ ಬಂಗಾಳದ ಸಾಗರದ್ವೀಪದಲ್ಲಿ ಹುಲಿಯ ಬಾಯಿಗೆ ಬಿದ್ದ ಜನರಲ್ ಮನ್ರೋವಿನ ಮಗನೇ ಇವನೆಂಬುದು ಬಹುಕಾಲದ ಊಹೆ. ಊಹೆ ಏನೇ ಇರಲಿ, ಯಂತ್ರವು ಅಳತೆಯಲ್ಲಿ ಪೂರ್ಣವಾಗಿದ್ದೂ ಅವನಿಗೆ ಗುರುತು ಕೊಡಲಿಲ್ಲ. ಕೊಡುವ ಉದ್ದೇಶವೂ ಇರಲಿಲ್ಲ; ಅದು ಟಿಪ್ಪುವಿನ ರಾಜಚಿಹ್ನೆಯಾದ ಹುಲಿಯ ಜಯವನ್ನು ಸಾರುವ ಕೃತಿ.

ಇನ್ನು ಟಿಪ್ಪುವಿನ ಪದಾತಿಯ ವಿಷಯ. ಇಂದಿನ ಕಿರುಗೊಂಬೆಗಳಲ್ಲಿ ಅವನಿಗೆ ಹುಲಿಗೀರಿನ ಅಂಗಿ ತಪ್ಪದು. ಈ ಉಡುಪಿಗೆ ಆಧಾರವುಂಟು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಇಲ್ಲಿಗೆ ಬಂದ ಚಿತ್ರಕಾರ ರಾಬರ್ಟ್ ಹೋಮನು ಮೈಸೂರಿನ ಸೈನಿಕರನ್ನು ಚಿತ್ರಿಸಿದ್ದಾನೆ. ಫಿರಂಗಿ ದಳದ ಅಧಿಕಾರಿ ಚಾರ್ಲ್ಸ್ ಗೋಲ್ಡನು ೧೮೦೬ರಲ್ಲಿ ಪ್ರಕಟಿಸಿದ ಚಿತ್ರಸಂಪುಟದಲ್ಲಿಯೂ ಟಿಪ್ಪುವಿನ ಸಿಪಾಯಿ ಇದ್ದಾನೆ. ಇಬ್ಬರೂ ಶತ್ರುಪಕ್ಷದವರೆಂಬ ಕಾರಣಕ್ಕೆ ಇವರ ಸಾಕ್ಷ್ಯವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ಸಾಕ್ಷ್ಯ ೧೭೯೦ರ ದಶಕದ್ದು, ಅವರು ಕಂಡ ಕೆಲವೇ ಸೈನಿಕರದ್ದು. ಅದನ್ನು ಹೈದರನ ಕಾಲಕ್ಕೂ, ಕುದುರೆ ಸವಾರರಿಗೂ, ಪಾಳೆಯಗಾರರ ಆಳುಗಳಿಗೂ ತೊಡಿಸಿದರೆ ಆಧಾರವನ್ನು ಅದರ ಶಕ್ತಿಗೆ ಮೀರಿ ದುಡಿಸಿದಂತಾಗುತ್ತದೆ. ಇಲ್ಲಿ ಗೊಂಬೆಯ ದೋಷ ಬಣ್ಣದ್ದಲ್ಲ, ತಾರೀಖಿನದು.

ಇದಕ್ಕೆ ವ್ಯತಿರಿಕ್ತವಾಗಿ ಮೈಸೂರಿನ ಬಾಣಗಳ ವಿಷಯದಲ್ಲಿ ನಮಗೆ ನೇರವಾದ ಆಧಾರ ದೊರೆತಿದೆ. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಳಿಯ ಬಿದರೂರಿನ ಪಾಳು ಬಾವಿಯೊಂದರಿಂದ ಸಾವಿರಕ್ಕೂ ಮಿಕ್ಕಿ ಕಬ್ಬಿಣದ ಬಾಣಗಳನ್ನು ಪುರಾತತ್ತ್ವ ಇಲಾಖೆಯವರು ಹೊರತೆಗೆದರು. ಕೊಳವೆಯ ಉದ್ದ ಸುಮಾರು ಕಾಲು ಮೀಟರು. ೫೪ ಮಿಲಿಮೀಟರಿನ ಸೈನಿಕನ ಪಕ್ಕದಲ್ಲಿ ಅದು ಎಂಟು ಮಿಲಿಮೀಟರು ಮಾತ್ರ. ಅದಕ್ಕೆ ಕಟ್ಟಿದ ಬಿದಿರಿನ ಗಳುವೇ ಕಣ್ಣಿಗೆ ಬೀಳತಕ್ಕದ್ದು. ಕೊಳವೆಯನ್ನು ಹಿಗ್ಗಿಸಿ ಪಟಾಕಿಯಂತೆ ತೋರಿಸುವ ಗೊಂಬೆಗಳನ್ನು ಇನ್ನು ಮುಂದೆ ತಪ್ಪೆಂದು ಧೈರ್ಯವಾಗಿ ಹೇಳಬಹುದು. ಅಳತೆಯೂ ಆಧಾರವೂ ಕೈಕೈಹಿಡಿದು ನಡೆಯುವುದೆಂದರೆ ಹೀಗೆ.

೭

ಈ ವಿವೇಚನೆಯನ್ನು ಈಗ ಮಂಗಳೂರಿನ ಮುತ್ತಿಗೆಗೆ ಅನ್ವಯಿಸೋಣ. ೧೭೮೩ರ ಮಾರ್ಚಿಯಲ್ಲಿ ಬ್ರಿಟಿಷರು ಮಂಗಳೂರನ್ನು ಹಿಡಿದರು. ಬಿದನೂರನ್ನು ಮರಳಿ ಗೆದ್ದ ಟಿಪ್ಪು ಮೇ ತಿಂಗಳಲ್ಲಿ ಘಟ್ಟವಿಳಿದು ಬಂದು ಕೋಟೆಯನ್ನು ಮುತ್ತಿದನು. ಫ್ರೆಂಚರ ತುಕಡಿಯೊಂದು ಅವನ ಜೊತೆಗಿತ್ತು. ಯುರೋಪಿನಲ್ಲಿ ಸಂಧಿಯಾದ ಸುದ್ದಿ ಬಂದೊಡನೆ ಅದು ಹಿಂದೆ ಸರಿಯಿತು. ಆಗಸ್ಟಿನಲ್ಲಿ ಕದನವಿರಾಮವಾದರೂ ಮುತ್ತಿಗೆ ತೆರವಾಗಲಿಲ್ಲ. ಕೋಟೆಯ ನಾಯಕ ಕ್ಯಾಂಪ್‌ಬೆಲ್ಲನು ೧೭೮೪ರ ಜನವರಿ ೩೦ರಂದು ಕೋಟೆಯನ್ನು ಒಪ್ಪಿಸಿದನು. ಮಾರ್ಚ್ ೧೧ರಂದು ಮಂಗಳೂರಿನ ಒಪ್ಪಂದಕ್ಕೆ ಸಹಿಯಾಯಿತು.

ಗೊಂಬೆಯ ತಯಾರಕನು ಈ ಪ್ರಸಂಗದಿಂದ ಯಾರನ್ನು ಆರಿಸಿಕೊಂಡಾನೆಂಬುದನ್ನು ಊಹಿಸುವುದು ಕಷ್ಟವಲ್ಲ. ಕೋಟೆಯೊಳಗೆ ೪೨ನೆಯ ಹೈಲ್ಯಾಂಡ್ ರೆಜಿಮೆಂಟಿನ ಎರಡನೆಯ ಪಟಾಲಮಿತ್ತು. ಕಿಲ್ಟಿನ ಚೌಕುಳಿಯನ್ನು ಬರೆಯುವುದು ಬಣ್ಣಗಾರನ ಕೈಚಳಕಕ್ಕೆ ಪರೀಕ್ಷೆ; ಆ ರೆಜಿಮೆಂಟಿನ ಗೊಂಬೆಗಳಿಗೆ ಬ್ರಿಟನ್ ಸಂಸ್ಥೆಯ ಆದಿಕಾಲದಿಂದಲೂ ಬೇಡಿಕೆಯುಂಟು. ಆದರೆ ಕೋಟೆಯನ್ನು ಕಾದವರಲ್ಲಿ ಬಹುಪಾಲು ಜನ ಬೊಂಬಾಯಿಯ ಸಿಪಾಯಿಗಳು. ಅವರಲ್ಲಿ ೮ನೆಯ ಪಟಾಲಮಿಗೆ ಈ ರಕ್ಷಣೆಯ ಗೌರವಾರ್ಥವಾಗಿ ಗ್ರೆನೇಡಿಯರ್ ಎಂಬ ಹೆಸರು ದೊರೆಯಿತು. ಇಂದಿನ ಭಾರತೀಯ ಸೇನೆಯ ಗ್ರೆನೇಡಿಯರ್ಸ್ ರೆಜಿಮೆಂಟಿನ ಪೂರ್ವಜರಲ್ಲಿ ಅವರೂ ಒಬ್ಬರು. ಹೈಲ್ಯಾಂಡರರ ಹತ್ತು ಗೊಂಬೆಗಳನ್ನು ಅತ್ಯಂತ ನಿಖರವಾಗಿ ನಿರ್ಮಿಸಿ ಮಂಗಳೂರಿನ ರಕ್ಷಣೆ ಎಂದು ಹೆಸರಿಟ್ಟರೆ, ಒಂದೊಂದು ಗೊಂಬೆಯೂ ಸತ್ಯವಾಗಿದ್ದು ಒಟ್ಟು ಮಾತು ಸುಳ್ಳಾಗುತ್ತದೆ. ಹೊರಗಿನಿಂದ ಮುತ್ತಿದ ಮೈಸೂರಿನ ಆಳು, ತೋಡು ತೋಡಿದ ಕೂಲಿ, ಮೂಟೆ ಹೊತ್ತ ಎತ್ತಿನವನು ಇವರಾದರೋ ಲೆಕ್ಕಕ್ಕೇ ಬರುವುದಿಲ್ಲ.

ಅಳತೆಯ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ. ೫೪ ಮಿಲಿಮೀಟರಿನ ಪ್ರಮಾಣದಲ್ಲಿ ಮುತ್ತಿಗೆಯನ್ನು ತೋರಿಸಹೊರಟರೆ ನೂರು ಮೀಟರಿನ ಕಂದಕಕ್ಕೆ ಮೂರು ಮೀಟರಿಗೂ ಮಿಕ್ಕಿ ಮೇಜು ಬೇಕು. ಕೋಟೆ, ನದಿ, ಬಂದರು, ಪಾಳೆಯ ಎಲ್ಲವೂ ಬರಬೇಕಾದರೆ ಒಂದು ಸಭಾಂಗಣವೂ ಸಾಲದು. ಆದಕಾರಣ ತಯಾರಕನು ಕೋಟೆಯ ಒಂದು ಮೂಲೆಯನ್ನೂ ನಾಲ್ಕಾರು ಜನರನ್ನೂ ಆಯ್ದು, ಹೊಡೆದಾಟದ ಒಂದು ಗಳಿಗೆಯನ್ನು ನಿಲ್ಲಿಸುತ್ತಾನೆ. ಮಂಗಳೂರಿನ ಮುತ್ತಿಗೆ ಅಂತಹ ಗಳಿಗೆಯಿಂದ ನಿರ್ಣಯವಾಗಲಿಲ್ಲ. ಅದನ್ನು ನಿರ್ಣಯಿಸಿದ್ದು ಹಸಿವು ಮತ್ತು ರೋಗ. ಮೇ ತಿಂಗಳಲ್ಲಿ ತೊಡಗಿದ ಮುತ್ತಿಗೆ ಕಾರ್ತೆಲು, ಆಟಿ, ಸೋಣ ತಿಂಗಳುಗಳನ್ನು ದಾಟಿತು. ಈ ಕರಾವಳಿಯ ಮಳೆಗಾಲವನ್ನು ಬಲ್ಲವರಿಗೆ ಆ ಕಂದಕಗಳ ಸ್ಥಿತಿ ಏನಾಗಿದ್ದೀತೆಂದು ವಿವರಿಸಬೇಕಾಗಿಲ್ಲ. ಒಣ ಮರಳಿನ ಮೇಲೆ ಶುಭ್ರವಾದ ಕೆಂಪಂಗಿ ತೊಟ್ಟು ಗುರಿಯಿಟ್ಟು ನಿಂತ ಗೊಂಬೆಗೆ ಮಳೆಯೂ ಗೊತ್ತಿಲ್ಲ, ತಿಂಗಳುಗಳೂ ಗೊತ್ತಿಲ್ಲ. ಅದರ ಅಂಗಿಯ ಬಣ್ಣ ರೆಜಿಮೆಂಟಿನ ನಿಯಮಕ್ಕೆ ಸರಿ, ಮಂಗಳೂರಿಗೆ ತಪ್ಪು.

ಈ ಪ್ರಸಂಗಕ್ಕೆ ಒಂದೇ ಅಳತೆ ಸಾಲದೆಂಬುದು ಇದರಿಂದ ಸಿದ್ಧವಾಗುತ್ತದೆ. ನೆಲ, ನೀರು, ಸಂಖ್ಯೆ ಇವನ್ನು ತೋರಿಸಲು ಸೈಬೋರ್ನನದಕ್ಕೆ ಸಮೀಪವಾದ ಸಣ್ಣ ಪ್ರಮಾಣ ಬೇಕು. ಅಲ್ಲಿ ಉಡುಪಿನ ವಿವರ ಅನಾವಶ್ಯಕ, ಒಂದು ಗೊಂಬೆ ಎಷ್ಟು ಜನಕ್ಕೆ ಸಮವೆಂದು ಬರೆದಿಟ್ಟರಾಯಿತು. ಉಡುಪು ಮತ್ತು ಆಯುಧಗಳನ್ನು ತೋರಿಸಲು ೫೪ ಅಥವಾ ೯೦ ಮಿಲಿಮೀಟರಿನ ಬಿಡಿ ಗೊಂಬೆ ಯುಕ್ತ. ಅಲ್ಲಿ ಹೈಲ್ಯಾಂಡರನ ಪಕ್ಕದಲ್ಲಿ ಬೊಂಬಾಯಿಯ ಸಿಪಾಯಿಯೂ 'ಮೈಸೂರಿನ ಪದಾತಿಯೂ ಒಂದೇ ಅಳತೆಯಲ್ಲಿ, ನೆತ್ತಿಯವರೆಗೆ ಅಳೆಯಲ್ಪಟ್ಟು, ನಿಲ್ಲತಕ್ಕದ್ದು. ಹಸಿವನ್ನು ತೋರಿಸಲು ಗೊಂಬೆಗೆ ಶಕ್ತಿಯಿಲ್ಲ. ಅಲ್ಲಿ ಬರವಣಿಗೆಯೇ ಬರಬೇಕು.

೮

ಇಷ್ಟನ್ನು ಓದಿದವರು ಒಂದು ಆಕ್ಷೇಪಣೆಯನ್ನು ಎತ್ತಬಹುದು. ಗೊಂಬೆ ಸಂತೋಷಕ್ಕಾಗಿ ಇರುವ ವಸ್ತು. ಅದರ ಮೇಲೆ ಇತಿಹಾಸದ ಭಾರವನ್ನೆಲ್ಲ ಹೊರಿಸುವುದು ನ್ಯಾಯವೇ? ಆಟಿಕೆಯ ಮಟ್ಟಿಗೆ ಈ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಪೀಠದ ಮೇಲೆ ರೆಜಿಮೆಂಟಿನ ಹೆಸರನ್ನೂ ಯುದ್ಧದ ಇಸವಿಯನ್ನೂ ಕೆತ್ತಿದ ಮೇಲೆ ಅದು ಆಟಿಕೆಯಾಗಿ ಉಳಿಯುವುದಿಲ್ಲ, ಸಾಕ್ಷಿ ನುಡಿಯಲು ಕಟ್ಟೆ ಹತ್ತಿದಂತಾಗುತ್ತದೆ. ಸಾಕ್ಷಿಯನ್ನು ಪ್ರಶ್ನಿಸುವುದು ನಮ್ಮ ಶಾಸ್ತ್ರದ ಧರ್ಮ. ಸಂಗ್ರಾಹಕರ ಶ್ರದ್ಧೆಯನ್ನು ಹಗುರಾಗಿ ಕಾಣಬೇಕೆಂದೂ ಇದರ ಅರ್ಥವಲ್ಲ. ಒಂದು ಗುಂಡಿಯ ಆಕಾರಕ್ಕಾಗಿ ಅವರು ಹುಡುಕುವ ಹಳೆಯ ಚಿತ್ರಗಳೂ ದಾಖಲೆಗಳೂ ಎಷ್ಟೋ ಸಲ ವೃತ್ತಿಪರ ಸಂಶೋಧಕನ ಕಣ್ಣಿಗೆ ಬೀಳದವು. ಅದೇ ಶ್ರದ್ಧೆ ಗುಂಡಿಯಿಂದಾಚೆಗೂ ವಿಸ್ತರಿಸಲಿ ಎಂಬುದಷ್ಟೇ ಅಪೇಕ್ಷೆ.

ತರಗತಿಯಲ್ಲಿ ಇಂತಹ ಗೊಂಬೆಯನ್ನಾಗಲಿ ಮಾದರಿಯನ್ನಾಗಲಿ ಬಳಸುವ ಅಧ್ಯಾಪಕರು ವಿದ್ಯಾರ್ಥಿಗಳ ಮುಂದೆ ನಾಲ್ಕು ಪ್ರಶ್ನೆಗಳನ್ನು ಇಡಬಹುದೆಂದು ಸೂಚಿಸಬಯಸುತ್ತೇನೆ. ಇದರ ಅಳತೆಯನ್ನು ಯಾರು, ಏತಕ್ಕಾಗಿ ಗೊತ್ತುಮಾಡಿದರು? ಇದರ ಉಡುಪಿಗೆ ಆಧಾರವಾದ ಚಿತ್ರ ಅಥವಾ ವಸ್ತು ಯಾವುದು, ಯಾವ ವರ್ಷದ್ದು, ಯಾರ ಕೈಯದ್ದು? ಈ ಒಬ್ಬನು ಎಷ್ಟು ಜನರ ಪರವಾಗಿ ನಿಂತಿದ್ದಾನೆ? ಇವನ ಪಕ್ಕದಲ್ಲಿ ಇರಬೇಕಾಗಿದ್ದು ಇಲ್ಲದವರು ಯಾರು? ಮೊದಲ ಮೂರಕ್ಕೆ ಉತ್ತರವನ್ನು ಪುಸ್ತಕದಲ್ಲಿ ಹುಡುಕಬಹುದು. ನಾಲ್ಕನೆಯದಕ್ಕೆ ಉತ್ತರ ಹುಡುಕಹೊರಟ ವಿದ್ಯಾರ್ಥಿ ಇತಿಹಾಸದ ಅಭ್ಯಾಸವನ್ನು ಆರಂಭಿಸಿದನೆಂದೇ ತಿಳಿಯಬೇಕು. ಮಂಗಳೂರಿನ ಆ ಕೋಟೆ ಇಂದು ಉಳಿದಿಲ್ಲ. ಅದರೊಳಗೂ ಹೊರಗೂ ಮಳೆಯಲ್ಲಿ ನೆನೆದ ಸಿಪಾಯಿಗಳಿಗೆ ವೀರಗಲ್ಲುಗಳೂ ಇಲ್ಲ. ಮುಂದೆ ಎಂದಾದರೂ ಈ ಊರಿನ ಮುತ್ತಿಗೆಯ ಮಾದರಿಯೊಂದನ್ನು ಯಾರಾದರೂ ರಚಿಸುವುದಾದರೆ, ಬಣ್ಣದ ಡಬ್ಬಿಯನ್ನು ತೆರೆಯುವುದಕ್ಕೆ ಮುಂಚೆ ಅವರನ್ನು ಎಣಿಸಿಕೊಳ್ಳಲಿ.